ಗ್ವಾಲಿಯರ್, ಬರ್ಮಾ, ಕುವೈತ್: ಯಾವ ಓವರ್‌ಪ್ರಿಂಟ್ ಹಿಡಿಯಬೇಕು?

ಬ್ರಿಟಿಷ್ ಇಂಡಿಯಾದ ಅಂಚೆಚೀಟಿಗಳ ಮೇಲೆ ಬೇರೊಂದು ನಾಡಿನ ಹೆಸರನ್ನು ಅಚ್ಚೊತ್ತಿ ಬಳಸಿದ ಓವರ್‌ಪ್ರಿಂಟ್ ಚೀಟಿಗಳಲ್ಲಿ ನಾನು ಈ ಮೂರು ನಾಡುಗಳವನ್ನು ಒಂದಾದ ಮೇಲೊಂದರಂತೆ ಸಂಗ್ರಹಿಸಿ ನೋಡಿದ್ದೇನೆ. ನಮ್ಮ ಮೈಸೂರಿನ ಚೀಟಿ ಇವುಗಳಲ್ಲಿಲ್ಲ. ಮೈಸೂರು ಅಂಚೆ 1889ರಲ್ಲಿಯೇ ಬ್ರಿಟಿಷರ ಅಂಚೆಯೊಂದಿಗೆ ವಿಲೀನವಾಗಿತ್ತು.

ಆರಂಭಿಸಲು ಸುಲಭವಾದದ್ದು ಬರ್ಮಾ. 1937ರ ಏಪ್ರಿಲ್ 1ರಂದು ಅದು ಇಂಡಿಯಾದಿಂದ ಬೇರ್ಪಟ್ಟಾಗ ಐದನೆಯ ಜಾರ್ಜ್ ದೊರೆಯ ಚೀಟಿಗಳ ಮೇಲೆ ಹೆಸರು ಒತ್ತಿದರು. ಮರುವರ್ಷವೇ ಸ್ವಂತ ವಿನ್ಯಾಸದ ಚೀಟಿಗಳು ಬಂದವು. ಹೀಗಾಗಿ ಸರಣಿ ಚಿಕ್ಕದು, ಕಡಿಮೆ ಬೆಲೆಯ ಚೀಟಿಗಳು ಬೇಗ ಕೈಸೇರುತ್ತವೆ. ಆದರೆ ಅಲ್ಲಿಂದ ಮುಂದೆ 1942ರ ಜಪಾನೀ ಆಕ್ರಮಣ ಕಾಲದ ನವಿಲಿನ ಓವರ್‌ಪ್ರಿಂಟ್‌ಗಳತ್ತ ಮನಸ್ಸು ಹರಿಯುತ್ತದೆ, ಅಲ್ಲಿ ನಕಲಿಗಳ ಹಾವಳಿ ವಿಪರೀತ. ನಾನು ಕೊಂಡ ಒಂದು ಚೀಟಿಯನ್ನು ಭೂತಗನ್ನಡಿಯಲ್ಲಿ ನೋಡಿದಾಗ ನವಿಲಿನ ಕಪ್ಪು ಶಾಯಿ ಅಂಚೆ ಮೊಹರಿನ ಗೆರೆಯ ಮೇಲೆ ಹಾದುಹೋಗಿತ್ತು. ಓವರ್‌ಪ್ರಿಂಟ್ ಮೊದಲು, ಮೊಹರು ಆಮೇಲೆ ಬೀಳಬೇಕಾದ್ದರಿಂದ, ಬಳಸಿ ಮುಗಿದ ಹಳೆಯ ಚೀಟಿಯ ಮೇಲೆ ಯಾರೋ ನವಿಲನ್ನು ಒತ್ತಿದ್ದರೆಂಬುದು ಸ್ಪಷ್ಟವಾಯಿತು.

ಕುವೈತಿನ ಓವರ್‌ಪ್ರಿಂಟ್‌ಗಳು 1923ರಲ್ಲಿ ಆರಂಭವಾದವು. ನೋಡಲು ಚೆಂದ, ಆದರೆ ಹೆಚ್ಚಿನ ಬೆಲೆಯ ರೂಪಾಯಿ ಚೀಟಿಗಳು ನನ್ನ ಕೈಗೆಟುಕಲಿಲ್ಲ, ಅಲ್ಲಿಗೇ ಬಿಟ್ಟೆ.

ನನ್ನ ಮನಸ್ಸು ನಿಂತದ್ದು ಗ್ವಾಲಿಯರಿನಲ್ಲಿ. ಬ್ರಿಟಿಷ್ ಅಂಚೆಯೊಡನೆ ಒಪ್ಪಂದ ಮಾಡಿಕೊಂಡ ಆರು ಸಂಸ್ಥಾನಗಳಲ್ಲಿ ಇದೂ ಒಂದಾದ್ದರಿಂದ, ತಮ್ಮ ಗಡಿಯೊಳಗಷ್ಟೇ ನಡೆಯುತ್ತಿದ್ದ ಇತರ ಸಂಸ್ಥಾನಗಳ ಚೀಟಿಗಳಂತಲ್ಲದೆ, ಗ್ವಾಲಿಯರಿನಲ್ಲಿ ಅಂಟಿಸಿದ ಚೀಟಿ ಕಾಗದವನ್ನು ಬ್ರಿಟಿಷ್ ಇಂಡಿಯಾದ ಯಾವ ಊರಿಗಾದರೂ ತಲುಪಿಸುತ್ತಿತ್ತು. 1885ರಿಂದ ವಿಕ್ಟೋರಿಯಾ ರಾಣಿಯಿಂದ ಆರನೆಯ ಜಾರ್ಜ್‌ವರೆಗೆ ನಾಲ್ವರು ದೊರೆಗಳ ಚೀಟಿಗಳ ಮೇಲೆ ಇಂಗ್ಲಿಷ್ ಹಾಗೂ ದೇವನಾಗರಿ ಎರಡರಲ್ಲೂ ಸಂಸ್ಥಾನದ ಹೆಸರಿದೆ. ಸರ್ಕಾರಿ ಬಳಕೆಯ ಚೀಟಿಗಳ ಮೇಲಿನ ಬರಹವಂತೂ ದೇವನಾಗರಿಯದು. ವಿಕ್ಟೋರಿಯಾ ಕಾಲದ ಓವರ್‌ಪ್ರಿಂಟ್‌ನಲ್ಲಿ ದೇವನಾಗರಿ ಸಾಲು ಕೆಲವೆಡೆ 13ರಿಂದ 14 ಮಿಲಿಮೀಟರ್, ಕೆಲವೆಡೆ 15ಕ್ಕೂ ತುಸು ಹೆಚ್ಚು ಉದ್ದವಿದೆ. ಒಂದೇ ಹಸಿರು ಅರ್ಧಾಣೆಯ ಚೀಟಿಗಳೆಂದು ಹಾಳೆಯಲ್ಲಿ ಒಟ್ಟಿಗಿಟ್ಟಿದ್ದವನ್ನು ಪಾರದರ್ಶಕ ಅಳತೆಪಟ್ಟಿಯಿಂದ ಅಳೆದಾಗ ಅವು ಎರಡು ಬಗೆಯವೆಂದು ಗೊತ್ತಾದ ಸಂಜೆ ನಾನು ಇಡೀ ಆಲ್ಬಮ್ಮನ್ನು ಬಿಚ್ಚಿ ಮತ್ತೆ ಜೋಡಿಸಿದೆ. ಹೊಸಬರು ಇಲ್ಲಿಂದಲೇ ಆರಂಭಿಸಲಿ ಎನ್ನುವುದು ನನ್ನ ಅಭಿಪ್ರಾಯ: ಕೊಳ್ಳುವ ಮುನ್ನ ಅಳೆದು ನೋಡುವ ಅಭ್ಯಾಸವಾದ ಮೇಲೆ ಬರ್ಮಾದ ನವಿಲಿನ ಬಳಿಗೆ ಹೋಗಬಹುದು.