ಕೆಂಪು ಬಟನ್, ಮ್ಯಾಪ್ ಲಿಂಕ್, ‘ತಲುಪಿದ್ಯಾ?’: ಮೂರನ್ನೂ ಬಳಸಿ ನೋಡಿದೆವು

ಲ್ಯಾಬ್ ಮುಗಿಯುವಾಗ ಸಂಜೆ ಏಳೂವರೆ. ಕೆಂಗೇರಿ ಕಡೆಯ ನಮ್ಮ ಕಾಲೇಜಿನಿಂದ ನಾಗರಬಾವಿಯ ಪಿಜಿಗೆ ಹೋಗಬೇಕು. ಜ್ಞಾನಭಾರತಿ ಕ್ಯಾಂಪಸ್ ಒಳಗಿನ ರಸ್ತೆಯ ಮರಗಳು ಹಗಲಲ್ಲಿ ಎಷ್ಟು ಚೆಂದ. ಕತ್ತಲಾದ ಮೇಲೆ ಅದೇ ದಾರಿಯಲ್ಲಿ ಆಟೋದಲ್ಲಿ ಒಬ್ಬಳೇ ಕೂತರೆ ಫೋನ್ ಕೈಯಿಂದ ಕೆಳಗಿಳಿಯುವುದಿಲ್ಲ. ಫೈನಲ್ ಇಯರ್ ಪ್ರಾಜೆಕ್ಟಿಗೆ ಏನು ಮಾಡೋಣ ಅಂದಾಗ ನಾವು ನಾಲ್ವರಿಗೂ ಹೊಳೆದದ್ದು ಇದೇ. ಒಂದೇ ಕಡೆ ಹೋಗುವ ವಿದ್ಯಾರ್ಥಿಗಳನ್ನು ಒಂದೇ ಆಟೋದಲ್ಲಿ ಸೇರಿಸುವ ಆ್ಯಪ್. ಸುರಕ್ಷತೆ ಮೊದಲು, ಬಾಡಿಗೆ ಉಳಿತಾಯ ಆಮೇಲೆ.

ಕ್ಲಾಸ್‌ಮೇಟ್‌ಗಳ ಕಾರುಗಳನ್ನೂ ಸೇರಿಸೋಣ ಅಂತ ಮೊದಲು ಅಂದುಕೊಂಡಿದ್ದೆವು. ಆದರೆ ವೈಟ್ ಬೋರ್ಡ್, ಅಂದರೆ ಸ್ವಂತ ಬಳಕೆಯ ಗಾಡಿಯಲ್ಲಿ ಬಾಡಿಗೆ ತೆಗೆದುಕೊಂಡು ಜನರನ್ನು ಕರೆದೊಯ್ಯಲು ಪರ್ಮಿಟ್ ಇರುವುದಿಲ್ಲ. ಅದನ್ನು ಅಲ್ಲಿಗೇ ಬಿಟ್ಟೆವು.

ಸುರಕ್ಷತೆಗೆ ಮೂರು ದಾರಿಗಳಿದ್ದವು. ಯಾವುದು ನಿಜಕ್ಕೂ ಕೆಲಸ ಮಾಡುತ್ತದೆ ಅಂತ ವಾದ ಮಾಡುವ ಬದಲು, ಒಂದೊಂದನ್ನೂ ಒಂದೊಂದು ವಾರ ನಾವೇ ಬಳಸಿದೆವು. ಹಾಸ್ಟೆಲ್‌ನ ಕೆಲವು ಗೆಳತಿಯರೂ ಸೇರಿಕೊಂಡರು.

ಮೊದಲ ವಾರ ಕೆಂಪು ಎಸ್‌ಒಎಸ್ ಬಟನ್. ಒತ್ತಿದರೆ ಮೂವರು ಆಪ್ತರಿಗೆ ಮೆಸೇಜ್, ಜೊತೆಗೆ ತುರ್ತು ಸಹಾಯವಾಣಿ 112ಕ್ಕೆ ಕರೆ. ಪರದೆ ಮೇಲೆ ನೋಡಲು ಧೈರ್ಯ ಕೊಡುತ್ತದೆ. ಆದರೆ ಗೆಳತಿಯೊಬ್ಬಳಿಗೆ ‘ಈಗ ಒತ್ತು’ ಅಂತ ಹಠಾತ್ತಾಗಿ ಹೇಳಿದೆ. ಅವಳು ಬ್ಯಾಗ್ ಜಿಪ್ ತೆಗೆದು, ಲಾಕ್ ತೆರೆದು, ಆ್ಯಪ್ ಹುಡುಕುವಷ್ಟರಲ್ಲಿ ಆಟೋ ಎರಡು ಹಂಪ್ ದಾಟಿತ್ತು. ಅದೂ ಭಯವೇ ಇಲ್ಲದ ಹೊತ್ತಿನಲ್ಲಿ! ಆ ವಾರ ಬಂದ ಅಲರ್ಟ್‌ಗಳೆಲ್ಲ ಕೈತಪ್ಪಿ ಒತ್ತಿದವೇ. ಇನ್ನೊಂದು ವಿಷಯ. 2017ರಿಂದ ಭಾರತದಲ್ಲಿ ಮಾರುವ ಫೋನ್‌ಗಳಲ್ಲಿ ಪ್ಯಾನಿಕ್ ಬಟನ್ ಸೌಲಭ್ಯ ಇರಲೇಬೇಕು ಅಂತ ನಿಯಮ ಬಂತು. ಕೀಪ್ಯಾಡ್ ಫೋನಿನಲ್ಲಿ 5 ಅಥವಾ 9 ಒತ್ತಿ ಹಿಡಿಯುವುದು ಅದಕ್ಕೇ. ಫೋನಿನಲ್ಲೇ ಇರುವುದನ್ನು ಆ್ಯಪ್ ಒಳಗೆ ಬಚ್ಚಿಟ್ಟರೆ ಲಾಭವೇನು? ಹೊಸ ಬಸ್, ಟ್ಯಾಕ್ಸಿಗಳಿಗೆ 2019ರ ಜನವರಿಯಿಂದ ಪ್ಯಾನಿಕ್ ಬಟನ್ ಕಡ್ಡಾಯವಾಯಿತು, ಆದರೆ ಆಟೋಗಳಿಗೆ ವಿನಾಯಿತಿ ಇತ್ತು. ಹಾಗಾಗಿ ಬಟನ್ ಬೇಡ ಅನ್ನುತ್ತಿಲ್ಲ. ಇರಲಿ, ಆದರೆ ಅದನ್ನೇ ನಂಬಿ ಕೂರಬಾರದು.

ಎರಡನೇ ವಾರ ಲೈವ್ ಲೊಕೇಶನ್ ಲಿಂಕ್. ಇದು ಎಲ್ಲರಿಗೂ ಗೊತ್ತಿರುವುದೇ, ಊಬರ್, ಓಲಾಗಳಲ್ಲೂ ಇದೆ. ಹಾಸನದಲ್ಲಿರುವ ಅಮ್ಮನಿಗೆ ಕಳಿಸಿದೆ. ನಾಯಂಡಹಳ್ಳಿ ಸಿಗ್ನಲ್‌ನಲ್ಲಿ ಚುಕ್ಕೆ ನಿಂತಿತು. ತಕ್ಷಣ ಫೋನ್. ‘ಯಾಕೆ ಪುಟ್ಟಿ, ಅಲ್ಲೇ ನಿಂತಿದೀಯಾ?’ ನಾಲ್ಕು ದಿನ ಹೀಗೇ ಆಯಿತು. ಐದನೇ ದಿನದಿಂದ ಅಮ್ಮ ಲಿಂಕ್ ತೆರೆಯಲೇ ಇಲ್ಲ. ರೂಮ್‌ಮೇಟ್ ಅಂತೂ ಮೊದಲ ದಿನದಿಂದಲೇ ತೆರೆದಿರಲಿಲ್ಲ. ತಪ್ಪು ಅವರದಲ್ಲ. ಮುಕ್ಕಾಲು ಗಂಟೆ ಒಂದು ಚುಕ್ಕೆಯನ್ನೇ ನೋಡುತ್ತಾ ಯಾರು ಕೂರುತ್ತಾರೆ, ಅಲ್ವಾ? ಹಾಗೆ ನೋಡುವವರಿಗೆ ಗಾಬರಿ ಜಾಸ್ತಿ, ಮಾಡಬಹುದಾದದ್ದು ಕಡಿಮೆ.

ಮೂರನೆಯದು ತುಂಬಾ ಸರಳ. ಹೊರಡುವಾಗ ಸಮಯ ಹಾಕುತ್ತೇವೆ. ಆ ಸಮಯಕ್ಕೆ ಆ್ಯಪ್ ಕೇಳುತ್ತದೆ: ‘ತಲುಪಿದ್ಯಾ?’ ಐದು ನಿಮಿಷದಲ್ಲಿ ಉತ್ತರ ಬರದಿದ್ದರೆ ರೂಮ್‌ಮೇಟ್‌ಗೆ ಮೆಸೇಜ್. ಹತ್ತು ನಿಮಿಷವಾದರೆ ಅವಳ ಫೋನ್ ಜೋರಾಗಿ ಬಡಿದುಕೊಳ್ಳುತ್ತದೆ, ಜೊತೆಗೆ ಆಟೋ ನಂಬರ್, ಕೊನೆಯ ಜಾಗ ಕಾಣಿಸುತ್ತದೆ. ಕಷ್ಟದಲ್ಲಿರುವವಳು ಏನೂ ಮಾಡಬೇಕಾಗಿಲ್ಲ. ನಮ್ಮ ಮಟ್ಟಿಗೆ ಇದೇ ದೊಡ್ಡ ವ್ಯತ್ಯಾಸ. ಬಟನ್‌ಗೆ ಕೈ ಬೇಕು, ಲಿಂಕ್‌ಗೆ ಯಾರದೋ ಕಣ್ಣು ಬೇಕು. ಇದಕ್ಕೆ ಮೌನವೇ ಸಾಕು.

ಇದರಲ್ಲೂ ತೊಂದರೆ ಇತ್ತು. ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡಾಗ ಸುಮ್ನೆ ಅಲರ್ಟ್ ಹೋಗುತ್ತಿತ್ತು. ‘ಇನ್ನೂ 10 ನಿಮಿಷ’ ಅನ್ನುವ ಬಟನ್ ಸೇರಿಸಿದೆವು. ಯಾರಾದರೂ ಬಲವಂತವಾಗಿ ‘ತಲುಪಿದೆ’ ಅಂತ ಒತ್ತಿಸಿದರೆ? ಉತ್ತರಕ್ಕೆ ನಾಲ್ಕು ಅಂಕಿಯ ಪಿನ್ ಇಟ್ಟೆವು. ಅದನ್ನು ಹಿಂದುಮುಂದಾಗಿ ಹಾಕಿದರೆ ಪರದೆಯಲ್ಲಿ ‘ಸರಿ’ ಅಂತ ಬರುತ್ತದೆ, ಅಲರ್ಟ್ ಮಾತ್ರ ಸದ್ದಿಲ್ಲದೆ ಹೋಗುತ್ತದೆ. ಒಂದು ರಾತ್ರಿ ಗೆಳತಿಯ ಬ್ಯಾಟರಿ ದಾರಿಯಲ್ಲೇ ಸತ್ತಿತು. ಅವಳು ಕ್ಷೇಮವಾಗಿ ತಲುಪಿದಳು. ಆದರೆ ಅಲರ್ಟ್ ಬರಲೇ ಇಲ್ಲ, ಯಾಕೆಂದರೆ ಟೈಮರ್ ಅವಳ ಫೋನಿನಲ್ಲೇ ಓಡುತ್ತಿತ್ತು. ಆ ರಾತ್ರಿ ನಮಗೆ ನಿದ್ದೆ ಬರಲಿಲ್ಲ. ಮಾರನೇ ದಿನವೇ ಟೈಮರ್ ಅನ್ನು ಸರ್ವರ್‌ಗೆ ಹಾಕಿದೆವು. ಈಗ ಫೋನ್ ಆಫ್ ಆದರೂ ಎಣಿಕೆ ನಿಲ್ಲುವುದಿಲ್ಲ.

ಜೊತೆಗೆ ಕೂರುವವರು ಯಾರು ಅನ್ನುವುದರಲ್ಲೂ ಹೋಲಿಸಿ ನೋಡಿದೆವು. ಕಾಲೇಜು ಇಮೇಲ್ ಸಾಕಾಗಲಿಲ್ಲ, ಪಾಸಾಗಿ ಹೋದ ಸೀನಿಯರ್‌ಗಳ ಇಮೇಲ್ ಕೂಡ ನಡೆಯುತ್ತಿತ್ತು. ಐಡಿ ಕಾರ್ಡ್ ಫೋಟೋ ಯಾರದ್ದನ್ನು ಬೇಕಾದರೂ ಹಾಕಬಹುದು. ಕ್ಲಾಸ್ ಸಿಆರ್ (ತರಗತಿ ಪ್ರತಿನಿಧಿ) ‘ಹೌದು, ಇವರು ನಮ್ಮವರೇ’ ಅಂದ ಮೇಲೆ ಸೇರಿಸುವ ಕ್ರಮವೇ ಗಟ್ಟಿ ಅನಿಸಿತು. ಹುಡುಗಿಯರ ಜೊತೆ ಮಾತ್ರ ಅನ್ನುವ ಆಯ್ಕೆ ಬೇಕೇ ಬೇಕು. ಎಂಟೂವರೆ ಮೇಲೆ ಜೊತೆ ಸಿಗುವುದು ಕಷ್ಟ, ನಿಜ. ಆದರೂ ಅದನ್ನು ತೆಗೆಯಬಾರದು.

ನಾವು ಮೊದಲು ಯೋಚಿಸದೇ ಇದ್ದದ್ದು ಇನ್ನೊಂದು. ಡ್ರೈವರ್ ಬಗ್ಗೆ ಅಷ್ಟೊಂದು ತಲೆ ಕೆಡಿಸಿಕೊಂಡಿದ್ದೆವು. ಆದರೆ ಒಂದೇ ಕಾಲೇಜಿನವನು ಒಂದು ಸಲ ಜೊತೆಗೆ ಬಂದು, ಪಿಜಿ ನೋಡಿಕೊಂಡು, ಮಾರನೇ ದಿನದಿಂದ ಗೇಟಿನ ಹತ್ತಿರ ನಿಂತರೆ? ಹೀಗಾಗಿ ಜೊತೆಗೆ ಬರುವವರ ಫೋನ್ ನಂಬರ್ ಯಾರಿಗೂ ಕಾಣುವುದಿಲ್ಲ. ಇಳಿಯುವ ಜಾಗವೂ ಪಿಜಿ ಅಲ್ಲ, ಬೆಳಕಿರುವ ಬಸ್ ಸ್ಟಾಪ್ ಅಥವಾ ದರ್ಶಿನಿ ಮುಂದೆ. ಅಲ್ಲಿಂದ ನಡೆಯುವ ಹೊತ್ತನ್ನೂ ಟೈಮರ್‌ಗೆ ಸೇರಿಸಿಯೇ ಹಾಕುತ್ತೇವೆ.

ಅಮ್ಮನಿಗೆ ಈಗ ಲಿಂಕ್ ಹೋಗುವುದಿಲ್ಲ. ‘ತಲುಪಿದಳು, 8:20’ ಅನ್ನುವ ಒಂದೇ ಮೆಸೇಜ್ ಹೋಗುತ್ತದೆ. ಅದನ್ನು ಮಾತ್ರ ದಿನವೂ ತೆರೆದು ನೋಡುತ್ತಾರೆ.