ಪುಣೆಯಲ್ಲಿ ಇಂಟೀರಿಯರ್ ಮಾಡಿಸುವವರೇ, 'ಫೋರ್ಸ್ ಮೆಜೂರ್' ಅಂದವನಿಗೆ ಅಡ್ವಾನ್ಸ್ ಬಿಟ್ಟುಕೊಡಬೇಡಿ

ವಾಕಡ್, ಹಿಂಜವಡಿ ಕಡೆ ಹೊಸ ಫ್ಲ್ಯಾಟ್ ತಗೊಂಡಿರುವ ಕನ್ನಡದವರು ದಯವಿಟ್ಟು ಪೂರ್ತಿ ಓದಿ. ಫೋರ್ಸ್ ಮೆಜೂರ್ ಅಂದರೆ ಪ್ರವಾಹ, ಭೂಕಂಪದಂಥ, ಯಾರ ಕೈಯಲ್ಲೂ ಇಲ್ಲದ ಕಾರಣಕ್ಕೆ ಕರಾರು ನಡೆಸಲಾಗದ ಸ್ಥಿತಿ.

ಅಡುಗೆಮನೆ, ವಾರ್ಡ್‌ರೋಬ್, ಟಿವಿ ಯೂನಿಟ್ ಸೇರಿ 6 ಲಕ್ಷಕ್ಕೆ ಮಾತಾಯಿತು. ಅರ್ಧ ಅಡ್ವಾನ್ಸ್, ಕಾಗದದ ಮೇಲೆ ಸಹಿ. ಕಾಂಟ್ರಾಕ್ಟರ್ ನಮ್ಮ ವಿಜಯಪುರದ ಕಡೆಯವರೇ. ಗೃಹಪ್ರವೇಶದ ತಾರೀಖು ಕಾಗದದಲ್ಲೇ ಇತ್ತು. ಅಳತೆ ತಗೊಂಡು ಹೋದವರು ಒಂದು ಹಲಗೆಯನ್ನೂ ತರಲಿಲ್ಲ.

ಫೋನ್ ಮಾಡಿದರೆ, "ಸರ್ರ, ಪ್ಲೈವುಡ್ ರೇಟ್ ಏರ್ಯಾವ್ರೀ, ನಮ್ ಕೈಯಾಗ ಏನ್ ಐತಿ?" ಆಮೇಲೆ ವಾಟ್ಸಾಪ್: "ಇದು ಫೋರ್ಸ್ ಮೆಜೂರ್. ಅಗ್ರಿಮೆಂಟ್ ಮುಗೀತು. ಅಡ್ವಾನ್ಸ್ ಡಿಸೈನ್ ಚಾರ್ಜಿಗೆ ಹೋಯ್ತು." ಮೂರು ಲಕ್ಷ! ಡಿಸೈನ್ ಚಾರ್ಜು!

ನಮ್ಮ ಬಿಲ್ಡಿಂಗಿನಲ್ಲೇ ಮೇಲಿನ ಮಹಡಿಯಲ್ಲಿ ಕಟಿಂಗ್ ಮಷಿನ್ ಸದ್ದು. ಹೋಗಿ ನೋಡಿದೆ. ನಮ್ಮನೆ ಅಳತೆ ತಗೊಂಡಿದ್ದ ಅದೇ ಮಿಸ್ತ್ರಿ ಅಲ್ಲಿ ಸನ್‌ಮೈಕಾ ಅಂಟಿಸುತ್ತಿದ್ದಾನೆ! ಮೈಯೆಲ್ಲ ಉರಿಯಿತು. ಅಲ್ಲಿಂದಲೇ ಫೋನ್ ಹಚ್ಚಿದೆ. ಉತ್ತರ ಕೇಳಿ: "ಅವ್ರು ಹೊಸಾ ರೇಟ್ ಕೊಟ್ಟಾರ್ರೀ. ನೀವೂ ಕೊಡ್ರಿ, ನಾಳೆನ ಮಂದಿ ಕಳಸ್ತೀನಿ."

ಕೈಯಲ್ಲಿಲ್ಲ ಅಂದಿದ್ದ ಕೆಲಸ, ದುಡ್ಡು ಹೆಚ್ಚು ಕೊಟ್ಟರೆ ನಾಳೆಯೇ ಆಗುತ್ತದಂತೆ.

ಶಿವಾಜಿನಗರ ಕೋರ್ಟಿನ ವಕೀಲರೊಬ್ಬರಿಗೆ ಕಾಗದ ತೋರಿಸಿದೆ. ಅದರಲ್ಲಿ ಫೋರ್ಸ್ ಮೆಜೂರ್ ಅನ್ನುವ ಷರತ್ತೇ ಇಲ್ಲ. 1872ರ ಕರಾರು ಕಾಯ್ದೆಯ ಸೆಕ್ಷನ್ 56ರಲ್ಲಿ ವಿನಾಯಿತಿ ಸಿಗುವುದು ಕೆಲಸ ಅಸಾಧ್ಯವಾದಾಗ, ಇಲ್ಲವೇ ಕಾನೂನುಬಾಹಿರವಾದಾಗ. ಲಾಭ ಕಡಿಮೆಯಾಯಿತು ಅಂದರೆ ಅಲ್ಲ. ಸೈನ್ಯಕ್ಕೆ ತುಪ್ಪ ಕೊಡಿಸುವ ಕರಾರಿನ ಅಲೋಪಿ ಪರ್ಶಾದ್ ಪ್ರಕರಣದಲ್ಲಿ, ಯುದ್ಧದಿಂದ ಖರ್ಚು ಏರಿತು ಅಂದರೂ 1960ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಯುದ್ಧಕ್ಕೇ ಇಲ್ಲದ ರಿಯಾಯಿತಿ ಇವರ ಪ್ಲೈವುಡ್ಡಿಗೆ ಎಲ್ಲಿಂದ ಬರಬೇಕು?

ಇನ್ನೊಂದು, ಇದನ್ನು ಮರೆಯಲೇಬೇಡಿ: ಅವರ ಮಾತೇ ನಿಜ, ಕರಾರು ಅಸಾಧ್ಯವಾಗಿ ರದ್ದಾಯಿತು ಅಂತಲೇ ಇಟ್ಟುಕೊಳ್ಳಿ. ಆಗಲೂ ಸೆಕ್ಷನ್ 65ರ ಪ್ರಕಾರ ಪಡೆದದ್ದನ್ನು ವಾಪಸ್ ಕೊಡಬೇಕು. ಕೆಲಸವೂ ಇಲ್ಲ, ದುಡ್ಡೂ ಇಲ್ಲ ಅನ್ನುವ ಕಾನೂನು ಎಲ್ಲೂ ಇಲ್ಲ.

ಗೃಹಪ್ರವೇಶದ ದಿನ ಬೀಗರೆದುರು ನೆಲದ ಮೇಲೆ ಒಲೆ ಇಟ್ಟು ಹಾಲು ಉಕ್ಕಿಸಿದೆವು. ನನ್ನ ಹೆಂಡತಿ ತಲೆ ಎತ್ತಲಿಲ್ಲ. ಆ ಅವಮಾನಕ್ಕೆ ಯಾವ ಸೆಕ್ಷನ್ನೂ ಇಲ್ಲ.

ಅರ್ಧ ಹಣ ಮುಂಚೆ ಕೇಳುವವರ ಹತ್ತಿರ ಹೋಗಲೇಬೇಡಿ, ಕೆಲಸ ಆದಷ್ಟೇ ಕೊಡಿ. ರೇಟ್ ಏರಿದರೆ ಯಾರ ಹೊರೆ ಅಂತ ಬರೆಸಿಕೊಳ್ಳಿ. ಮೆಸೇಜ್ ಒಂದನ್ನೂ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915. ಜಿಲ್ಲಾ ಗ್ರಾಹಕ ಆಯೋಗಕ್ಕೆ ನೀವಿರುವ ಊರಿನಲ್ಲೇ ದೂರು ಹಾಕಬಹುದು.

ವಕೀಲರ ನೋಟಿಸ್ ತಲುಪಿದ ಮೇಲೆ ಕಾಂಟ್ರಾಕ್ಟರ್ ಫೋನ್ ಬಂತು: "ನಮ್ಮವರಾಗಿ ಕೋರ್ಟಿಗೆ ಹೋಗ್ತೀರೇನ್ರೀ?"

ಹೋಗ್ತೀನಿ.