ತುಮಕೂರಲ್ಲಿ ಸಿಗುವ ಮಾರ್ಮನ್ ವಾಸ್ಪ್ ಕಿಟ್: ಕನ್ನಡಿ ಸೈ, ಕಡ್ಡಿ ಕೈಕೊಡುತ್ತೆ

ಬಿ.ಎಚ್. ರಸ್ತೆಯ ಮಾಡೆಲ್ ಸಾಮಾನಿನ ಅಂಗಡಿಯಲ್ಲಿ ಸಿಗುವ ಬಿಡಿಭಾಗ ಜೋಡಿಸಿ ಕಾರು ಮಾಡೋ, 1:24 ಅಳತೆಯ (ಅಸಲಿಯ 24ನೇ ಒಂದು ಭಾಗ) ರೆಸಿನ್ (ಅಚ್ಚಿಗೆ ಸುರಿದು ಗಟ್ಟಿಯಾಗಿಸಿದ ರಾಳ) ಕಿಟ್ ಇದು. 1911ರ ಮೇ 30ರಂದು ರೇ ಹ್ಯಾರೌನ್ ಅಮೆರಿಕದ ಮೊದಲ ಇಂಡಿಯಾನಾಪೊಲಿಸ್ 500 ಕಾರ್ ರೇಸ್ ಗೆದ್ದ ಹಳದಿ ಮಾರ್ಮನ್ ವಾಸ್ಪ್ ಕಾರು, ನಂಬರ್ 32.

ಹಿಂದೆ ಬರೋರನ್ನು ತೋರಿಸೋ ಕನ್ನಡಿಯೇ ಇದರ ಜೀವಾಳ. ಆಗೆಲ್ಲ ಡ್ರೈವರ್ ಪಕ್ಕ ಮೆಕ್ಯಾನಿಕ್ ಕೂತು, ಹಿಂದೆ ಯಾರು ಬರ್ತಿದಾರೆ ಅಂತ ಹೇಳ್ತಿದ್ದ. ಹ್ಯಾರೌನ್ ಒಬ್ಬನೇ ಕೂರೋ ಕಾರು ತಂದಾಗ ಉಳಿದವರು ತಕರಾರು ತೆಗೆದರು. ಅದಕ್ಕೆ ಉತ್ತರ ಈ ಕನ್ನಡಿ. ಇಟ್ಟಿಗೆ ಹಾಸಿದ ಟ್ರ್ಯಾಕಿನಲ್ಲಿ ಅದು ಅದುರಿ ಅದುರಿ ಏನೂ ಕಾಣ್ತಿರಲಿಲ್ಲ ಅನ್ನೋದು ಬೇರೆ ಮಾತು! ಅಸಲಿ ಅಳತೆ 8 ಇಂಚು, 3 ಇಂಚು. ಕಿಟ್‌ನಲ್ಲಿ 8.5 ಮಿ.ಮೀ., 3.2 ಮಿ.ಮೀ. ಲೆಕ್ಕ ಪಕ್ಕಾ.

ಆದರೆ ಕನ್ನಡಿ ಹೊರುವ ನಾಲ್ಕು ರೆಸಿನ್ ಕಡ್ಡಿಗಳು ಬುಡದಲ್ಲೇ ಪಟ್ ಅನ್ನುತ್ತವೆ. ಅವನ್ನು ಬಿಸಾಕಿ, 0.5 ಮಿ.ಮೀ. ಡ್ರಿಲ್‌ನಿಂದ 2 ಮಿ.ಮೀ. ಆಳ ತೂತು ಕೊರೆದು ಹಿತ್ತಾಳೆ ತಂತಿ ನಿಲ್ಲಿಸಿ. ಪ್ಲಾಸ್ಟಿಕ್ ಕಿಟ್‌ನ ಸಿಮೆಂಟ್ ರೆಸಿನ್‌ಗೆ ಹಿಡಿಯಲ್ಲ, ಸೂಪರ್ ಗ್ಲೂ ಬೇಕು. ಅಂಟಿಸೋ ಮುಂಚೆ ಸೋಪು ನೀರಲ್ಲಿ ತೊಳೆಯಿರಿ. ಜಿಡ್ಡು ಉಳಿದರೆ ಬಣ್ಣ ಸುಲಿಯುತ್ತೆ. ಜೊತೆಗೆ ಕೊಟ್ಟಿರೋದು ಬೂದು ಪ್ರೈಮರ್, ಅದರ ಮೇಲೆ ಹಳದಿ ಮಂಕು. ಬಿಳಿ ಪ್ರೈಮರ್ ಬಳಸಿ, ಹಳದಿ ಮೂರು ತೆಳು ಕೋಟು ಹೊಡೆಯಿರಿ.

ಚೂಪು ಬಾಲದ ಜೋಡಣೆ ಅಚ್ಚುಕಟ್ಟು, ಪುಟ್ಟಿ ಬೇಕೇ ಆಗಲ್ಲ. ಕೈಪಿಡಿ ಮಾತ್ರ ಅರ್ಧಂಬರ್ಧ: ಗಂಟೆಗೆ 74.6 ಮೈಲಿ ಸರಾಸರಿ ಅಂತ ಸರಿಯಾಗೇ ಬರೆದು, ರೇಸಿನ ನಡುವೆ ಸ್ವಲ್ಪ ಹೊತ್ತು ಹ್ಯಾರೌನ್ ಬದಲಿಗೆ ಸ್ಟೀರಿಂಗ್ ಹಿಡಿದ ಸೈರಸ್ ಪ್ಯಾಟ್ಶ್ಕೆಯ ಹೆಸರನ್ನೇ ನುಂಗಿಹಾಕಿದೆ.